ಬ್ಯಾನ್ಫ್ ರೈಲು ಯಾರಿಗಾಗಿ?

ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಕ್ಯಾಲ್ಗರಿ ನಗರದ ವಿಮಾನ ನಿಲ್ದಾಣದಿಂದ ರಾಕಿ ಪರ್ವತಗಳ ನಡುವಣ ಬ್ಯಾನ್ಫ್ ಗಿರಿಧಾಮದ ವರೆಗೆ ಪ್ರಯಾಣಿಕರ ರೈಲು ಮಾರ್ಗವೊಂದನ್ನು ಹಾಕಬೇಕೆಂಬ ಸೂಚನೆಯು ಹಲವು ವರ್ಷಗಳಿಂದ ಅಲ್ಲಿಯ ಸಾರ್ವಜನಿಕರ ಚರ್ಚೆಗೆ ವಿಷಯವಾಗಿದೆ. ದೂರ ಸುಮಾರು ೧೫೦ ಕಿಲೋಮೀಟರು. ೨೦೨೦ರಲ್ಲಿ ಪ್ರಾಂತ ಸರಕಾರವೂ ಕೆನಡಾದ ಮೂಲಸೌಕರ್ಯ ಬ್ಯಾಂಕೂ ಕೂಡಿ ಇದರ ಪರಿಶೀಲನೆಗೆ ಒಪ್ಪಂದ ಮಾಡಿಕೊಂಡವು. ಮರುವರ್ಷ ಆ ಬ್ಯಾಂಕು ಲಿರಿಕಾನ್ ಮತ್ತು ಪ್ಲೆನರಿ ಎಂಬ ಎರಡು ಖಾಸಗಿ ಸಂಸ್ಥೆಗಳೊಡನೆ ಮಾತುಕತೆಗೆ ಇಳಿಯಿತು. ೨೦೨೪ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಶ್ರೀಮತಿ ಡೇನಿಯಲ್ ಸ್ಮಿತ್ ಅವರ ಸರಕಾರವು ಇಡೀ ಪ್ರಾಂತಕ್ಕೆ ಪ್ರಯಾಣಿಕ ರೈಲುಗಳ ಮಹಾಯೋಜನೆಯೊಂದನ್ನು ಸಿದ್ಧಪಡಿಸುವುದಾಗಿ ಸಾರಿ, ಬ್ಯಾನ್ಫ್ ಮಾರ್ಗವನ್ನೂ ಅದರೊಳಗೆ ಸೇರಿಸಿತು. ಖಾಸಗಿ ಸಂಸ್ಥೆಗಳು ಮೊದಲಿಗೆ ಹೇಳಿದ ಅಂದಾಜು ವೆಚ್ಚ ಸುಮಾರು ೧೫೦ ಕೋಟಿ ಡಾಲರು. ಇಂತಹ ಕಾಮಗಾರಿಗಳಲ್ಲಿ ಮೊದಲ ಅಂದಾಜು ಕೊನೆಯ ಲೆಕ್ಕವಾಗಿ ನಿಂತ ದೃಷ್ಟಾಂತಗಳು ಬಲು ವಿರಳವೆಂಬುದನ್ನು ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಅಷ್ಟು ದೂರದ ರೈಲಿನ ಗೊಡವೆ ಕನ್ನಡ ಪತ್ರಿಕೆಗೆ ಏಕೆಂದು ಕೆಲವರು ಕೇಳಬಹುದು. ತೈಲೋದ್ಯಮ, ಯಂತ್ರವಿದ್ಯೆ, ಗಣಕವಿದ್ಯೆಗಳ ನಿಮಿತ್ತ ಕ್ಯಾಲ್ಗರಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿವೆ. ಮಕ್ಕಳ ಮನೆಗೆಂದು ಹೋದ ನಮ್ಮೂರಿನ ಹಿರಿಯರು ಬ್ಯಾನ್ಫಿನ ಚಿತ್ರಗಳನ್ನು ಹೊತ್ತು ತರುವುದು ಈಗ ಸಾಮಾನ್ಯ ಸಂಗತಿ. ಆದರೆ ಅದಕ್ಕಿಂತ ಮುಖ್ಯವಾದ ಕಾರಣ ಬೇರೆ ಇದೆ. ಜನರ ಹಣದಿಂದ ಹಾಕುವ ಹಳಿಯ ಮೇಲೆ ಯಾರ ಗಾಡಿ ಓಡಬೇಕು, ಯಾರಿಗಾಗಿ ಓಡಬೇಕು ಎಂಬ ಪ್ರಶ್ನೆ ಆ ಪ್ರಾಂತಕ್ಕೆ ಮಾತ್ರ ಸೇರಿದ್ದಲ್ಲ. ರೈಲು ಬರಲಿ ಎಂಬುದೇ ನಮ್ಮ ಅಭಿಪ್ರಾಯ. ಆದರೆ ಅದು ವಿಮಾನದಿಂದ ಇಳಿದ ಯಾತ್ರಿಕನ ವಿಲಾಸವಾಹನವಾಗಿ ಬರುವುದಾದರೆ ಸಾರ್ವಜನಿಕ ಬೊಕ್ಕಸದಿಂದ ಒಂದು ಕಾಸನ್ನೂ ಅದಕ್ಕೆ ಕೊಡಲಾಗದು.

ಬ್ಯಾನ್ಫಿಗೂ ರೈಲಿಗೂ ಇರುವ ಸಂಬಂಧವು ತಾಯಿಮಕ್ಕಳ ಸಂಬಂಧವೆಂದರೆ ಅತಿಶಯೋಕ್ತಿಯಾಗದು. ಕೆನಡಿಯನ್ ಪೆಸಿಫಿಕ್ ಕಂಪನಿಯ ಹಳಿ ೧೮೮೩ರಲ್ಲಿ ಕ್ಯಾಲ್ಗರಿಯನ್ನು ಮುಟ್ಟಿತು. ಅದೇ ವರ್ಷ ಬೋ ನದಿಯ ಕಣಿವೆಯಲ್ಲಿ ರೈಲು ಕೆಲಸಗಾರರು ಬಿಸಿನೀರಿನ ಬುಗ್ಗೆಯೊಂದರ ಗುಹೆಯನ್ನು ಕಂಡು, ಅದರ ಒಡೆತನಕ್ಕಾಗಿ ತಕರಾರು ಹೂಡಿದರು. ತಕರಾರು ಇತ್ಯರ್ಥವಾದ ಬಗೆ ಸ್ವಾರಸ್ಯಕರವಾಗಿದೆ. ೧೮೮೫ರಲ್ಲಿ ಸರಕಾರವು ಆ ಬುಗ್ಗೆಗಳನ್ನೂ ಸುತ್ತಲಿನ ಹತ್ತು ಚದರ ಮೈಲಿ ನೆಲವನ್ನೂ ತನಗೇ ಕಾದಿರಿಸಿಕೊಂಡಿತು. ೧೮೮೭ರಲ್ಲಿ ಅದನ್ನು ವಿಸ್ತರಿಸಿ ಉದ್ಯಾನವೆಂದು ಶಾಸನ ಮಾಡಿತು. ಕೆನಡಾದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ ಹುಟ್ಟಿದ್ದು ಹೀಗೆ. ಮರುವರ್ಷವೇ ರೈಲು ಕಂಪನಿಯು ಅಲ್ಲಿ ಅರಮನೆಯಂತಹ ಹೋಟೆಲನ್ನು ಕಟ್ಟಿಸಿತು. ವಿರಳ ಜನವಸತಿಯ ನೆಲದಲ್ಲಿ ಸಾವಿರಾರು ಮೈಲಿ ಹಳಿ ಹಾಕಿದ ಕಂಪನಿಗೆ ಪ್ರಯಾಣಿಕರು ಬೇಕಾಗಿತ್ತು. ಇಲ್ಲದ ಪ್ರಯಾಣಿಕರನ್ನು ಉಂಟುಮಾಡುವ ಉಪಾಯವನ್ನು ಅದರ ಮುಖಂಡ ವಿಲಿಯಂ ವ್ಯಾನ್ ಹಾರ್ನ್ ಆ ಗಿರಿಶಿಖರಗಳಲ್ಲಿ ಕಂಡುಕೊಂಡರು.

ಈ ಕಂಪನಿ ತನ್ನ ಸ್ವಂತ ಬಲದಿಂದಲೇ ಪರ್ವತವನ್ನು ದಾಟಿತೆಂದು ಯಾರೂ ಭ್ರಮಿಸಬಾರದು. ಅದಕ್ಕೆ ರಾಷ್ಟ್ರದ ಬೊಕ್ಕಸದಿಂದ ಎರಡೂವರೆ ಕೋಟಿ ಡಾಲರೂ, ರಾಷ್ಟ್ರದ ಭೂಮಿಯಿಂದ ಎರಡೂವರೆ ಕೋಟಿ ಎಕರೆಯೂ ಕೊಡಲ್ಪಟ್ಟಿತ್ತು. ಜನರು ಕೊಟ್ಟದ್ದು ಇಷ್ಟು. ಜನರಿಗೆ ಉಳಿದದ್ದೇನು? ೧೯೯೦ರ ಜನವರಿಯಲ್ಲಿ ಅಲ್ಲಿಯ ಸರಕಾರವು ವೆಚ್ಚ ತಗ್ಗಿಸುವ ನೆಪದಿಂದ ಪ್ರಯಾಣಿಕ ರೈಲುಗಳಲ್ಲಿ ಸುಮಾರು ಅರ್ಧವನ್ನು ರದ್ದುಮಾಡಿದಾಗ, ಖಂಡವನ್ನು ಅಡ್ಡಹಾಯುವ ಗಾಡಿಯನ್ನು ಕ್ಯಾಲ್ಗರಿ, ಬ್ಯಾನ್ಫ್ ಮಾರ್ಗದಿಂದ ತೆಗೆದು ಉತ್ತರದ ಎಡ್ಮಂಟನ್, ಜಾಸ್ಪರ್ ಮಾರ್ಗಕ್ಕೆ ತಿರುಗಿಸಲಾಯಿತು. ಅಂದಿನಿಂದ ಹತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಕ್ಯಾಲ್ಗರಿಗೆ ಊರಿಂದೂರಿಗೆ ಹೋಗುವ ಸಾಮಾನ್ಯ ಪ್ರಯಾಣಿಕ ರೈಲು ಇಲ್ಲ. ರೈಲಿನಿಂದ ಹುಟ್ಟಿದ ಬ್ಯಾನ್ಫಿಗೂ ಇಲ್ಲ. ವ್ಯಾಂಕೂವರಿನಿಂದ ಬ್ಯಾನ್ಫಿಗೆ ಋತುಮಾನದಲ್ಲಿ ಓಡುವ ಖಾಸಗಿ ವಿಹಾರದ ಗಾಡಿಯೊಂದು ಉಂಟು. ಅದರ ಟಿಕೀಟು ಸಾವಿರ ಡಾಲರಿಗೂ ಮೇಲು. ಗಾಜಿನ ಛಾವಣಿಯ ಕೆಳಗೆ ಕುಳಿತು ಭೋಜನ ಮಾಡುತ್ತಾ ಹೋಗುವವರಿಗೆ ಅದು ಮೀಸಲು. ಸಾಮಾನ್ಯನು ಬೋ ಕಣಿವೆಯಲ್ಲಿ ಹಗಲಿರುಳೂ ಕಾಣುವುದು ಧಾನ್ಯ, ಪೊಟ್ಯಾಶ್‌ಗಳನ್ನು ಹೊತ್ತು ಸಮುದ್ರದ ಕಡೆಗೆ ಸಾಗುವ ಮೈಲಿಯುದ್ದದ ಗೂಡ್ಸ್ ಗಾಡಿಗಳನ್ನು ಮಾತ್ರ.

ಇನ್ನೊಂದು ವಿಚಿತ್ರವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ೧೯೦೫ರಲ್ಲಿ ಈ ಉದ್ಯಾನದೊಳಗೆ ಮೋಟಾರು ಬಂಡಿಗಳಿಗೆ ಪ್ರವೇಶವೇ ಇರಲಿಲ್ಲ. ಸರಕಾರವೇ ಆಜ್ಞೆ ಹೊರಡಿಸಿ ನಿಷೇಧಿಸಿತ್ತು. ಆ ನಿಷೇಧವು ಹತ್ತು ವರ್ಷ ಕೂಡ ಪೂರ್ತಿಯಾಗಿ ನಿಲ್ಲಲಿಲ್ಲ. ಮೋಟಾರು ಒಳಗೆ ಬಂದಿತು, ರಸ್ತೆ ಬೆಳೆಯಿತು, ೧೯೬೨ರಲ್ಲಿ ಖಂಡವನ್ನು ದಾಟುವ ಹೆದ್ದಾರಿಯೇ ಉದ್ಯಾನದ ನಡುವೆ ತೆರೆಯಿತು, ಕೊನೆಗೆ ರೈಲು ಹೊರಟುಹೋಯಿತು. ಇಂದು ವರ್ಷಕ್ಕೆ ನಾಲ್ವತ್ತು ಲಕ್ಷಕ್ಕೂ ಮೀರಿದ ಜನ ಬ್ಯಾನ್ಫ್ ಉದ್ಯಾನಕ್ಕೆ ಬರುತ್ತಾರೆ. ಅವರಲ್ಲಿ ಬಹುಪಾಲಿನವರು ಬರುವುದು ತಮ್ಮ ತಮ್ಮ ಕಾರುಗಳಲ್ಲಿ. ೨೦೨೧ರ ಜನಗಣತಿಯಂತೆ ಬ್ಯಾನ್ಫ್ ಪಟ್ಟಣದ ನಿವಾಸಿಗಳು ೮,೩೦೫ ಮಂದಿ. ಬೇಸಿಗೆಯ ರಜಾದಿನಗಳಲ್ಲಿ ಈ ಪುಟ್ಟ ಊರಿನ ಸೇತುವೆಯ ಮುಂದೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಸಮೀಪದ ಮೊರೇನ್ ಸರೋವರದ ರಸ್ತೆಯಲ್ಲಿ ಗೊಂದಲವು ಮಿತಿಮೀರಿ, ೨೦೨೩ರಿಂದ ಖಾಸಗಿ ಕಾರುಗಳನ್ನು ಅಲ್ಲಿ ಪೂರ್ಣವಾಗಿ ನಿಲ್ಲಿಸಿ ಬಸ್ಸುಗಳನ್ನು ಮಾತ್ರ ಬಿಡಲಾಗುತ್ತಿದೆ. ೧೯೦೫ರ ಅಧಿಕಾರಿಗಳು ಈಗ ಇದ್ದಿದ್ದರೆ ಮುಗುಳ್ನಗುತ್ತಿದ್ದರು.

ಯಾತ್ರಿಕರ ಕಷ್ಟವನ್ನು ಎಲ್ಲರೂ ವರ್ಣಿಸುತ್ತಾರೆ. ಹೋಟೆಲಿನ ಹಾಸಿಗೆ ಹಾಸುವವರ, ಅಡಿಗೆ ಮನೆಯಲ್ಲಿ ಪಾತ್ರೆ ತೊಳೆಯುವವರ, ಅಂಗಡಿಯಲ್ಲಿ ನಿಲ್ಲುವವರ ಕಷ್ಟವನ್ನು ವರ್ಣಿಸುವವರು ಕಡಿಮೆ. ಬ್ಯಾನ್ಫ್ ಪಟ್ಟಣವು ರಾಷ್ಟ್ರೀಯ ಉದ್ಯಾನದೊಳಗೆ ಇರುವುದರಿಂದ ಅಲ್ಲಿಯ ನೆಲ ಸರಕಾರದ್ದು. ಗುತ್ತಿಗೆಯ ಹೊರತು ಕೊಳ್ಳಲು ಸಾಧ್ಯವಿಲ್ಲ. ಅಲ್ಲಿ ಉದ್ಯೋಗವಿದ್ದವರು ಮತ್ತು ಅವರ ಮನೆಯವರು ಮಾತ್ರ ವಾಸಿಸಬಹುದೆಂಬ ಕಟ್ಟಳೆಯಿದೆ. ಕಟ್ಟಳೆ ಒಳ್ಳೆಯದೇ. ಆದರೆ ಮನೆಗಳು ಸಾಲವು. ಉದ್ಯಾನದ ಹೊರಗಿನ ಕ್ಯಾನ್ಮೋರ್ ಪಟ್ಟಣವಾದರೋ ಸಿರಿವಂತರ ರಜಾಮನೆಗಳಿಂದ ತುಂಬಿ, ಕೂಲಿಕಾರನ ಕೈಗೆ ಎಟುಕದ ಬಾಡಿಗೆಯ ಊರಾಗಿದೆ. ಈ ಕೆಲಸಗಾರರಲ್ಲಿ ಫಿಲಿಪೀನ್ಸ್ ಮೊದಲಾದ ದೂರದೇಶಗಳಿಂದ ಬಂದವರು ಬಹಳ. ಅವರಲ್ಲಿ ಎಲ್ಲರಿಗೂ ಕಾರು ಎಲ್ಲಿಯದು? ಹಿಮ ಬಿದ್ದ ಬೆಳಗಿನಲ್ಲಿ, ಇನ್ನೂ ಕತ್ತಲಿರುವಾಗ, ಯಾತ್ರಿಕನ ತಿಂಡಿಯ ಹೊತ್ತಿಗೆ ಮುಂಚೆ ಕೆಲಸದ ಸ್ಥಳವನ್ನು ಸೇರಬೇಕಾದ ಆ ಹೆಂಗಸು ಗಂಡಸರ ಲೆಕ್ಕವನ್ನು ಹಿಡಿಯದೆ ಮಾಡಿದ ರೈಲ್ವೆ ಯೋಜನೆಯು ಅರ್ಧ ಯೋಜನೆಯೇ ಸರಿ.

ರೈಲಿನ ವಿರೋಧಿಗಳು ಹೇಳುವ ಮಾತಿನಲ್ಲಿಯೂ ಹುರುಳಿದೆ. ೨೦೧೮ರ ಸುಮಾರಿಗೆ ಕ್ಯಾಲ್ಗರಿ, ಕೊಕ್ರೇನ್, ಕ್ಯಾನ್ಮೋರ್, ಬ್ಯಾನ್ಫ್ ಪುರಸಭೆಗಳು ಕೂಡಿ ಮಾಡಿಸಿದ ಪರಿಶೀಲನೆಯಲ್ಲಿ, ಬಸ್ಸಿನ ಏರ್ಪಾಡಿಗೆ ಎರಡು ಕೋಟಿ ಡಾಲರಿಗಿಂತ ಕಡಿಮೆ ಬಂಡವಾಳ ಸಾಕು, ರೈಲಿಗಾದರೆ ೬೬ ಕೋಟಿಗೂ ಮೇಲೆ ಬೇಕು ಎಂದು ತಿಳಿದುಬಂತು. ಆ ಮೇಲೆ ಬಂದ ಖಾಸಗಿ ಸಂಸ್ಥೆಗಳ ಅಂದಾಜು ಅದರ ಎರಡರಷ್ಟನ್ನೂ ದಾಟಿದೆಯೆಂಬುದನ್ನು ಮೇಲೆ ನೋಡಿದೆವು. ೨೦೧೭ರಲ್ಲಿ ಬೇಸಿಗೆಯ ವಾರಾಂತ್ಯಗಳಿಗೆಂದು ಆರಂಭವಾದ ಬಸ್ಸು ಕ್ಯಾಲ್ಗರಿಯಿಂದ ಬ್ಯಾನ್ಫಿಗೆ ಹತ್ತು ಡಾಲರಿಗೆ ಜನರನ್ನು ಸಾಗಿಸಿತು. ಹತ್ತು ಡಾಲರು! ನೂರೈವತ್ತು ಕೋಟಿಯ ರೈಲು ಈ ದರಕ್ಕೆ ಸಮೀಪವಾದರೂ ಬರುವುದೇ ಎಂದು ಕೇಳುವವನನ್ನು ಪ್ರಗತಿವಿರೋಧಿಯೆಂದು ಮೂದಲಿಸುವುದು ನ್ಯಾಯವಲ್ಲ. ಬಸ್ಸಿಗೂ ಒಂದು ಮಿತಿಯಿದೆಯೆಂಬುದು ನಿಜ. ಕಾರುಗಳ ಸಾಲಿನಲ್ಲಿ ಬಸ್ಸೂ ಸಿಕ್ಕಿಕೊಳ್ಳುತ್ತದೆ, ಹಿಮಪಾತದಲ್ಲಿ ಹೆದ್ದಾರಿ ಮುಚ್ಚಿದರೆ ಅದೂ ನಿಲ್ಲುತ್ತದೆ. ಆದರೆ ರೈಲು ಬರುವ ವರೆಗೆ ಬಸ್ಸನ್ನು ವರ್ಷವಿಡೀ, ದಿನವೂ, ಬೆಳಗಿನಿಂದ ರಾತ್ರಿಯ ವರೆಗೆ ಓಡಿಸಲು ಅಡ್ಡಿಯೇನು? ಹತ್ತು ವರ್ಷದ ಅನಂತರ ಬರುವ ಭಾಗ್ಯವನ್ನು ತೋರಿಸಿ ಇಂದಿನ ಅನ್ನವನ್ನು ತಡೆಯುವ ಆಡಳಿತವನ್ನು ನಾವು ಬೇರೆಡೆಯೂ ಕಂಡಿದ್ದೇವೆ. ಬಸ್ಸಿನಲ್ಲಿ ಜನ ತುಂಬಿದರೆ ರೈಲಿನ ವಾದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ತುಂಬದಿದ್ದರೆ ಅದನ್ನೂ ಮೊದಲೇ ತಿಳಿದಿರುವುದು ತೆರಿಗೆ ಕೊಡುವವನಿಗೆ ಲಾಭವೇ.

ಇನ್ನು ಹಳಿಯ ವಿಚಾರ. ಈಗ ಇರುವ ಹಳಿಯು ಕೆನಡಿಯನ್ ಪೆಸಿಫಿಕ್ ಕಂಪನಿಯ ಆಸ್ತಿ. ೨೦೨೩ರಲ್ಲಿ ಆ ಕಂಪನಿ ಅಮೆರಿಕದ ಕಾನ್ಸಾಸ್ ಸಿಟಿ ಸದರ್ನ್ ಕಂಪನಿಯೊಡನೆ ಒಂದಾಗಿ ಮೆಕ್ಸಿಕೋದ ವರೆಗೆ ಕೈಚಾಚಿದೆ. ಅದಕ್ಕೆ ಸರಕೇ ಸರ್ವಸ್ವ. ಪರರ ಹಳಿಯ ಮೇಲೆ ಓಡುವ ಪ್ರಯಾಣಿಕ ಗಾಡಿಯ ಪಾಡೇನೆಂಬುದನ್ನು ನೋಡಬೇಕಾದರೆ ಉತ್ತರದ ಮಾರ್ಗಕ್ಕೆ ತಳ್ಳಲ್ಪಟ್ಟ ಆ ಖಂಡಾಂತರ ಗಾಡಿಯನ್ನೇ ನೋಡಬಹುದು. ಗೂಡ್ಸ್ ಗಾಡಿಗಳಿಗೆ ದಾರಿ ಬಿಟ್ಟು ಗಂಟೆಗಟ್ಟಲೆ ಕವಲುಹಳಿಯಲ್ಲಿ ನಿಲ್ಲುವುದು ಅದರ ನಿತ್ಯಕರ್ಮವಾಗಿದೆ. ಆದುದರಿಂದಲೇ ಬ್ಯಾನ್ಫ್ ಯೋಜನೆಯವರು ಅದೇ ಕಂಪನಿಯ ಜಾಗದೊಳಗೆ ಪ್ರಯಾಣಿಕರಿಗಾಗಿ ಪ್ರತ್ಯೇಕ ಹಳಿಯನ್ನು ಹಾಕುವುದಾಗಿ ಹೇಳುತ್ತಾರೆ. ಇದು ಸರಿಯಾದ ಕ್ರಮ. ಆದರೆ ಜಾಗ ಕಂಪನಿಯದು, ಹಣದ ದೊಡ್ಡ ಪಾಲು ಸರಕಾರೀ ಬ್ಯಾಂಕಿನದು, ಆಡಳಿತ ಖಾಸಗಿಯವರದು ಎಂದಾದರೆ, ನಷ್ಟ ಬಂದಾಗ ಅದು ಯಾರದು? ಸೂಚನೆಯನ್ನು ಮುಂದಿಟ್ಟ ಲಿರಿಕಾನ್ ಸಂಸ್ಥೆಯವರಿಗೆ ಬ್ಯಾನ್ಫಿನ ಮೇಲಿರುವ ನಾರ್ಕ್ವೇ ಎಂಬ ಹಿಮಕ್ರೀಡೆಯ ಬೆಟ್ಟದಲ್ಲಿ ಹಿತಾಸಕ್ತಿಯಿದೆ, ಬ್ಯಾನ್ಫ್ ರೈಲು ನಿಲ್ದಾಣದ ಗುತ್ತಿಗೆಯೂ ಇದೆ. ಅವರು ಆ ಹಳೆಯ ನಿಲ್ದಾಣವನ್ನು ಜೀರ್ಣೋದ್ಧಾರ ಮಾಡುವುದಕ್ಕೂ ಕಾರುಗಳಿಗೆ ಊರ ಹೊರಗೇ ತಂಗುದಾಣ ಕಲ್ಪಿಸುವುದಕ್ಕೂ ಶ್ರಮಿಸಿರುವುದನ್ನು ನಾವು ಮೆಚ್ಚುತ್ತೇವೆ. ಅವರ ಪ್ರಾಮಾಣಿಕತೆಯನ್ನು ಶಂಕಿಸುವ ಉದ್ದೇಶ ನಮಗಿಲ್ಲ. ವ್ಯಾಪಾರಿಯು ತನ್ನ ಅಂಗಡಿಯ ಬಾಗಿಲಿಗೆ ದಾರಿಯಾಗಲಿ ಎಂದು ಬಯಸುವುದು ಸಹಜ. ಆ ದಾರಿಯನ್ನು ಊರಿನವರ ದುಡ್ಡಿನಿಂದ ಮಾಡಿಸುವಾಗ ಊರಿನವರು ಕರಾರು ಪತ್ರವನ್ನು ಓದಬಯಸುವುದೂ ಅಷ್ಟೇ ಸಹಜ. ಒಂಟಾರಿಯೋ ಪ್ರಾಂತದ ಮೆಟ್ರೋಲಿಂಕ್ಸ್ ಮಾದರಿಯಲ್ಲಿ ಸರಕಾರೀ ಸಂಸ್ಥೆಯೊಂದನ್ನು ರಚಿಸುವ ವಿಚಾರವನ್ನು ೨೦೨೪ರಲ್ಲಿ ಮುಖ್ಯಮಂತ್ರಿಗಳು ಆಡಿದ್ದರು. ಹಳಿಯೂ ವೇಳಾಪಟ್ಟಿಯೂ ದರವೂ ಅಂತಹ ಸಂಸ್ಥೆಯ ಕೈಯಲ್ಲಿ ಇರತಕ್ಕದ್ದೆಂದು ನಾವು ಸ್ಪಷ್ಟವಾಗಿ ಅಭಿಪ್ರಾಯಪಡುತ್ತೇವೆ.

ಈ ಗಾಡಿಗಳನ್ನು ಜಲಜನಕದ ಶಕ್ತಿಯಿಂದ ಓಡಿಸುವುದಾಗಿ ಪ್ರಚಾರವಾಗಿದೆ. ಹೊಗೆಯಿಲ್ಲದ ಗಾಡಿ ಯಾರಿಗೆ ಬೇಡ? ಆದರೆ ಗಾಡಿಯ ಬಾಯಿಂದ ಹೊಗೆ ಬರುತ್ತದೋ ಆವಿ ಬರುತ್ತದೋ ಎಂಬುದು ಹಳಿಯ ಮೇಲೆ ನಿಂತ ಕರಡಿಗೆ ಮುಖ್ಯವಲ್ಲ. ಬ್ಯಾನ್ಫ್ ಉದ್ಯಾನದಲ್ಲಿ ಉಳಿದಿರುವ ಗ್ರಿಜ್ಲಿ ಕರಡಿಗಳು ಸುಮಾರು ಅರುವತ್ತೈದು ಮಾತ್ರ. ಅವುಗಳ ಸಾವಿಗೆ ದೊಡ್ಡ ಕಾರಣಗಳಲ್ಲಿ ರೈಲು ಒಂದು. ಗೂಡ್ಸ್ ಗಾಡಿಗಳಿಂದ ಸೋರಿದ ಧಾನ್ಯವನ್ನು ತಿನ್ನಲು ಅವು ಹಳಿಗೆ ಬರುತ್ತವೆ; ತಿರುವುಗಳಲ್ಲಿ ಗಾಡಿಯ ಸದ್ದು ತಡವಾಗಿ ಕೇಳಿ ಸಾಯುತ್ತವೆ. ಕಂಪನಿಯೇ ಹಣ ಕೊಟ್ಟು, ಆಲ್ಬರ್ಟಾ ವಿಶ್ವವಿದ್ಯಾಲಯದ ವಿದ್ವಾಂಸರಿಂದ ವರ್ಷಾನುಗಟ್ಟಲೆ ಇದರ ಸಂಶೋಧನೆ ಮಾಡಿಸಿತು. ಹೆದ್ದಾರಿಯ ವಿಷಯದಲ್ಲಿ ಆ ಉದ್ಯಾನದವರು ಜಗತ್ತಿಗೇ ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ. ಇಕ್ಕೆಲಗಳಲ್ಲಿ ಬೇಲಿ ಹಾಕಿ, ಮೃಗಗಳು ದಾಟಲು ಮೇಲುಸೇತುವೆ ಆರು, ಕೆಳದಾರಿ ಮೂವತ್ತೆಂಟು ಕಟ್ಟಿಸಿ, ಕಾಡುಮೃಗಗಳಿಗೆ ವಾಹನ ಬಡಿಯುವ ಪ್ರಸಂಗಗಳನ್ನು ನೂರಕ್ಕೆ ಎಂಬತ್ತರಷ್ಟು ತಗ್ಗಿಸಿದ್ದಾರೆ. ಹಳಿಗೆ ಅಂತಹ ಏರ್ಪಾಡು ಇನ್ನೂ ಆಗಿಲ್ಲ. ಬೋ ಕಣಿವೆ ಇಕ್ಕಟ್ಟಾದ ಸ್ಥಳ. ನದಿ, ಹೆದ್ದಾರಿ, ಹಳಿ, ಊರುಗಳು ಎಲ್ಲವೂ ಅದೇ ಸಣ್ಣ ಸಮತಟ್ಟಿನಲ್ಲಿ ಒತ್ತರಿಸಿ ಕುಳಿತಿವೆ, ಮೃಗಗಳ ದಾರಿಯೂ ಅದೇ. ಅಲ್ಲಿ ಎರಡನೆಯ ಹಳಿಯನ್ನು ಹಾಕಿ ಅದರ ಮೇಲೆ ವೇಗದ ಗಾಡಿಗಳನ್ನು ಬಿಡುವವರು ಬೇಲಿ ಮತ್ತು ದಾಟುದಾರಿಗಳ ವೆಚ್ಚವನ್ನು ಈ ಅಂದಾಜಿನಲ್ಲಿಯೇ ಸೇರಿಸಿ ತೋರಿಸಬೇಕು. ಆಮೇಲೆ ನೋಡೋಣವೆಂದರೆ ಆಗದು.

ಹಳಿಯು ಕ್ಯಾಲ್ಗರಿಯನ್ನು ಬಿಟ್ಟು ಪರ್ವತದ ಕಡೆಗೆ ಸಾಗುವಾಗ ಮಾರ್ಲಿ ಎಂಬಲ್ಲಿ ಸ್ಟೋನಿ ನಕೋಡಾ ಜನರ ನೆಲವನ್ನು ಹಾಯುತ್ತದೆ. ೧೮೭೭ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಮಾಡಿಕೊಂಡ ಏಳನೆಯ ಒಪ್ಪಂದಕ್ಕೆ ಅಂಕಿತ ಹಾಕಿದವರಲ್ಲಿ ಇವರೂ ಸೇರಿದ್ದರು. ರೈಲು ಅದಾದ ಆರೇ ವರ್ಷದಲ್ಲಿ ಬಂತು. ಅವರ ಪೂರ್ವಜರು ಬೇಟೆಯಾಡಿದ ಕಾಡು ಉದ್ಯಾನವಾಯಿತು. ಉದ್ಯಾನದಲ್ಲಿ ಅವರಿಗೆ ಬೇಟೆ ನಿಷಿದ್ಧವಾಯಿತು. ಹಾಗಿದ್ದೂ ಹೋಟೆಲಿನ ಅತಿಥಿಗಳ ವಿನೋದಕ್ಕೆ ಅವರು ಬೇಕಾದರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ೧೯೭೮ರ ವರೆಗೆ ಬ್ಯಾನ್ಫಿನಲ್ಲಿ ನಡೆದ ಇಂಡಿಯನ್ ದಿನಗಳ ಉತ್ಸವದಲ್ಲಿ, ಗರಿಯ ಕಿರೀಟ ತೊಟ್ಟು ಕುದುರೆ ಏರಿ ಮೆರವಣಿಗೆ ಬರಲು ಅವರಿಗೆ ಆಮಂತ್ರಣವಿತ್ತು. ಮನೆಯವನನ್ನು ಹೊರಗೆ ಹಾಕಿ, ಹಬ್ಬದ ದಿನ ಕುಣಿಯಲು ಕರೆಯುವ ಈ ಔದಾರ್ಯದ ಅರ್ಥವನ್ನು ಪರದಾಸ್ಯವನ್ನುಂಡ ಭಾರತೀಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗಿನ ಯೋಜನೆಯಲ್ಲಿ ಅವರ ನೆಲದಲ್ಲಿಯೂ ಒಂದು ನಿಲ್ದಾಣವಾಗಬೇಕೆಂಬ ಮಾತಿದೆ. ಒಳ್ಳೆಯದು. ಆದರೆ ನಿಲ್ದಾಣವೊಂದರಿಂದ ಋಣ ತೀರದು. ಆ ಜನರ ಒಪ್ಪಿಗೆಯನ್ನು ಮೊದಲು ಪಡೆಯಬೇಕು, ಒಡೆತನದಲ್ಲಿ ಅವರಿಗೆ ಪಾಲಿರಬೇಕು. ಮಾರ್ಲಿಯ ಹುಡುಗ ಕ್ಯಾಲ್ಗರಿಯ ಕಾಲೇಜಿಗೂ ಮಾರ್ಲಿಯ ಮುದುಕಿ ಅಲ್ಲಿಯ ಆಸ್ಪತ್ರೆಗೂ ಹೋಗಿಬರುವಷ್ಟು ಸಾರಿ ಗಾಡಿ ಅಲ್ಲಿ ನಿಲ್ಲಬೇಕು. ದಿನಕ್ಕೆ ಒಂದು ಗಾಡಿ ಶಿಷ್ಟಾಚಾರಕ್ಕೆ ನಿಂತು ಹೋದರೆ ಅದು ಹಳೆಯ ಉತ್ಸವದ ಹೊಸ ರೂಪವಾದೀತು.

ಕಟ್ಟಕಡೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ರೈಲು ಬಂದರೆ ಕಾರುಗಳು ಕಡಿಮೆಯಾಗುವುವೇ? ಆಗುವುವೆಂದು ಯೋಜನೆಯವರು ಧೈರ್ಯವಾಗಿ ಹೇಳುತ್ತಾರೆ. ನಮ್ಮ ನೆರೆಯ ಅನುಭವವು ಹಾಗೆ ಹೇಳುವುದಿಲ್ಲ. ಉದಕಮಂಡಲಕ್ಕೆ ೧೯೦೮ರಿಂದ ರೈಲಿದೆ. ಆದರೂ ಮೈಸೂರಿನಿಂದ ಬಂಡೀಪುರದ ಕಾಡಿನ ಮೂಲಕ ಅಲ್ಲಿಗೆ ಹೋಗುವ ಮೋಟಾರುಗಳ ಪ್ರವಾಹ ತಗ್ಗಲಿಲ್ಲ; ಬಂಡೀಪುರದಲ್ಲಿ ೨೦೦೯ರಿಂದ ರಾತ್ರಿಯ ಸಂಚಾರವನ್ನು ನಿಷೇಧಿಸಬೇಕಾಯಿತು, ೨೦೨೪ರ ಮೇ ತಿಂಗಳಿನಿಂದ ನೀಲಗಿರಿಯನ್ನು ಏರುವ ಹೊರಗಿನ ವಾಹನಗಳಿಗೆ ಮದರಾಸು ಹೈಕೋರ್ಟಿನ ಅಪ್ಪಣೆಯಂತೆ ಪಾಸು ಬೇಕಾಯಿತು. ಇದಕ್ಕೆ ವಿರುದ್ಧವಾದ ದೃಷ್ಟಾಂತ ಸ್ವಿಟ್ಜರ್ಲೆಂಡಿನ ಝರ್ಮಾಟ್ ಗ್ರಾಮದಲ್ಲಿದೆ. ೧೮೯೧ರಲ್ಲಿ ಅಲ್ಲಿಗೆ ರೈಲು ಬಂತು. ಪರವೂರಿನ ಕಾರುಗಳಿಗೆ ಇಂದಿಗೂ ಕೆಳಗಿನ ಟೇಶ್ ಎಂಬ ಊರಿನಲ್ಲಿಯೇ ತಡೆ. ಅಲ್ಲಿಂದ ಮೇಲಕ್ಕೆ ಪರವೂರಿನ ಕೋಟ್ಯಧೀಶನೂ ತನ್ನ ಕಾರನ್ನು ಒಯ್ಯುವಂತಿಲ್ಲ. ಝೂರಿಕ್ ವಿಮಾನ ನಿಲ್ದಾಣದಲ್ಲಿ ಇಳಿದವನು ಫಿಸ್ಪ್ ಎಂಬಲ್ಲಿ ಒಮ್ಮೆ ಗಾಡಿ ಬದಲಿಸಿ ಝರ್ಮಾಟನ್ನು ಸೇರುತ್ತಾನೆ. ಇದರಿಂದ ಆ ಊರಿನ ವ್ಯಾಪಾರ ಕೆಟ್ಟಿತೆಂದು ಯಾರೂ ಹೇಳಿಲ್ಲ. ಎರಡೂ ಊರುಗಳಲ್ಲಿ ರೈಲಿದೆ. ಕಾರಿನ ದಾರಿಯನ್ನು ಮುಚ್ಚುವ ಮನಸ್ಸು ಒಂದರಲ್ಲಿ ಮಾತ್ರ ಇದ್ದಿತು.

ಆದುದರಿಂದ ಬ್ಯಾನ್ಫಿನ ಹೆಬ್ಬಾಗಿಲಲ್ಲಿ ದಿನವೊಂದಕ್ಕೆ ಇಂತಿಷ್ಟೇ ಕಾರುಗಳೆಂಬ ನಿಯಮವು ರೈಲಿನೊಡನೆಯೇ ಜಾರಿಗೆ ಬರಬೇಕು. ಉದ್ಯಾನವು ಒಟ್ಟಾವಾದ ಕೇಂದ್ರ ಸರಕಾರದ ಅಧೀನ, ಪ್ರಾಂತದ ರೈಲು ಎಡ್ಮಂಟನ್ನಿನ ಪ್ರಾಂತ ಸರಕಾರದ ಯೋಜನೆ. ಈ ಎರಡು ಸರಕಾರಗಳೂ ಹಲವು ಕಾಲದಿಂದ ಪರಸ್ಪರ ಪ್ರೀತಿಗೆ ಹೆಸರಾದವುಗಳಲ್ಲ. ಒಬ್ಬರು ರೈಲು ತಂದು, ಇನ್ನೊಬ್ಬರು ರಸ್ತೆಯನ್ನು ಎಂದಿನಂತೆ ಬಿಟ್ಟರೆ, ನಾಲ್ವತ್ತು ಲಕ್ಷ ಜನರ ಮೇಲೆ ಇನ್ನಷ್ಟು ಲಕ್ಷ ಜನರು ಆ ಕಣಿವೆಯೊಳಗೆ ಬಂದಿಳಿಯುವರೇ ಹೊರತು ಒಂದು ಕಾರೂ ಹೊರಗೆ ನಿಲ್ಲದು. ಹಣವನ್ನು ಮಂಜೂರು ಮಾಡುವ ಮುನ್ನ ಇಬ್ಬರೂ ಕೂಡಿ ಒಂದೇ ಕಾಗದಕ್ಕೆ ರುಜು ಹಾಕುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಆಲ್ಬರ್ಟಾದ ಶಾಸನಸಭೆಯ ಸದಸ್ಯರು ಈ ಮಾರ್ಗದ ನಕ್ಷೆಯನ್ನು ನೋಡುವಾಗ ದರಪಟ್ಟಿಯನ್ನೂ ವೇಳಾಪಟ್ಟಿಯನ್ನೂ ಕೇಳಿ ತರಿಸಿಕೊಳ್ಳಲಿ. ಪರದೇಶದ ಯಾತ್ರಿಕನಿಗೆ ಹೆಚ್ಚಿನ ದರವಿರಲಿ, ಅದನ್ನು ಅವನು ಕೊಡಬಲ್ಲ. ಕಣಿವೆಯ ಕೆಲಸಗಾರನಿಗೂ ವಿದ್ಯಾರ್ಥಿಗೂ ತಿಂಗಳ ಪಾಸು ಬಸ್ಸಿನ ದರಕ್ಕೆ ಸಮೀಪವಾಗಿರಲಿ. ವಿಮಾನ ಬಂದಿಳಿಯುವ ಹೊತ್ತಿಗೆಲ್ಲ ಗಾಡಿಯಿರುವುದೆಂಬ ಭರವಸೆಯನ್ನು ಯೋಜನೆಯವರು ಆಗಲೇ ಕೊಟ್ಟಿದ್ದಾರೆ. ಕೊಕ್ರೇನಿನಿಂದ ಬೆಳಗಿನ ಐದೂವರೆಗೆ ಹೊರಟು, ಮಾರ್ಲಿಯಲ್ಲಿಯೂ ಕ್ಯಾನ್ಮೋರಿನಲ್ಲಿಯೂ ನಿಂತು, ಹೋಟೆಲಿನ ಒಲೆ ಹೊತ್ತಿಸುವ ಮೊದಲು ಬ್ಯಾನ್ಫನ್ನು ಮುಟ್ಟುವ ಗಾಡಿಯೊಂದು ಆ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ನಾವು ಮೊದಲು ನೋಡುವೆವು.